ಕಡಿಮೆ ದುಡ್ಡಲ್ಲಿ ಗೋವಾಗೆ ಹೋಗೋಕಾಗುತ್ತಾ?

ನಾನು ಆಗಾಗ ದಕ್ಷಿಣ ಗೋವಾದ ಅಗೊಂಡಾ ಅನ್ನುವ ಕಡಲತೀರದ ಹಳ್ಳಿಗೆ ಹೋಗುತ್ತೇನೆ. ಗೊತ್ತಿರುವವರೆಲ್ಲ ಕೇಳುವುದು ಒಂದೇ: "ಗೋವಾ ದುಬಾರಿ ಅಲ್ವಾ? ಕಡಿಮೆ ದುಡ್ಡಲ್ಲಿ ಹೇಗೆ ಆಗುತ್ತೆ?" ಖಂಡಿತ ಆಗುತ್ತದೆ. ಉತ್ತರ ಗೋವಾದ ಬಾಗಾ, ಕಲಂಗುಟ್ ಕಡೆ ಹೋಗಬೇಡಿ, ಟ್ಯಾಕ್ಸಿ ಹತ್ತಬೇಡಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಅಗೊಂಡಾ ಇರುವುದು ಕಾಣಕೋಣ ತಾಲೂಕಿನಲ್ಲಿ, ನಮ್ಮ ಕಾರವಾರ ದಾಟಿದರೆ ಸಿಗುವ ಮೊದಲ ತಾಲೂಕು. ಬೆಂಗಳೂರಿನಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಾರವಾರ. ಸ್ಲೀಪರ್ ಸಾಕು. ಅಲ್ಲಿನ ಬಸ್ ಸ್ಟ್ಯಾಂಡಿನಿಂದ ಮಡಗಾಂವ್ ಬಸ್ ಹಿಡಿದು ಕಾಣಕೋಣದ ಚಾವಡಿ ಅನ್ನುವ ಪೇಟೆಯಲ್ಲಿ ಇಳಿಯಿರಿ. ಚಾವಡಿಯಿಂದ ಅಗೊಂಡಾಗೆ ಬಸ್ ಕಡಿಮೆ. ಇಳಿದ ತಕ್ಷಣ ಹೊತ್ತು ವಿಚಾರಿಸಿಕೊಳ್ಳಿ. ಬೇಕಾದ ಹಣ್ಣು, ಬಿಸ್ಕತ್ತನ್ನೂ ಅಲ್ಲಿನ ಪೇಟೆಯಲ್ಲೇ ಕೊಂಡುಬಿಡಿ. ನಗದು ಕೈಯಲ್ಲಿರಲಿ.

ಯಾವಾಗ ಹೋಗಬೇಕು ಅನ್ನುವುದೇ ದೊಡ್ಡ ವಿಷಯ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಾಡಿಗೆ ಗಗನಕ್ಕೇರಿರುತ್ತದೆ. ನವೆಂಬರ್ ಮೊದಲ ವಾರಗಳು, ಇಲ್ಲವೇ ಫೆಬ್ರವರಿ ಕೊನೆ ನನಗೆ ಇಷ್ಟ. ಸಮುದ್ರಕ್ಕೆ ಮುಖ ಮಾಡಿದ ಹಟ್ ಬೇಡ. ರಸ್ತೆಯ ಆಚೆ ಬದಿಯ ಮನೆಗಳಲ್ಲಿ ರೂಮ್ ಸಿಗುತ್ತದೆ, ತೀರಕ್ಕೆ ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೇ.

ಆದರೆ ಬಾಡಿಗೆಯಲ್ಲಿ ಜಗ್ಗಾಡುವುದನ್ನು ನಾನು ಒಪ್ಪುವುದಿಲ್ಲ. ತೀರದ ಹಟ್‌ಗಳನ್ನು ಮಳೆಗಾಲಕ್ಕೆ ಮುಂಚೆ ಪೂರ್ತಿ ಬಿಚ್ಚಿಡಬೇಕು, ಮಳೆ ನಿಂತ ಮೇಲೆ ಮತ್ತೆ ಕಟ್ಟಬೇಕು. ಪ್ರತಿ ವರ್ಷ ಇದೇ ಕೆಲಸ, ಇದೇ ಖರ್ಚು. ಇಡೀ ವರ್ಷದ ಸಂಪಾದನೆ ಆರೇಳು ತಿಂಗಳಲ್ಲೇ ಆಗಬೇಕು. ಅಂಥವರ ಹತ್ತಿರ ಇನ್ನೂರು ರೂಪಾಯಿಗೆ ಅರ್ಧ ಗಂಟೆ ವಾದ ಮಾಡುವುದು ಯಾಕೆ? ಒಂದು ವಾರ ಇರ್ತೀವಿ ಅಂತ ಮೊದಲೇ ಹೇಳಿ ದರ ಕೇಳಿ. ಆಗ ಅವರೇ ಇಳಿಸುತ್ತಾರೆ, ಅವರಿಗೂ ರೂಮ್ ಖಾಲಿ ಉಳಿಯುವುದಿಲ್ಲ.

ಊಟಕ್ಕೆ ಊರಿನವರು ಕೂರುವ ಜಾಗ ಹುಡುಕಿ. ಬೆಳಿಗ್ಗೆ ಭಾಜಿ-ಪಾವ್, ಮಧ್ಯಾಹ್ನ ಅನ್ನ, ಮೀನು ಸಾರು, ಕೋಕಂ, ತೆಂಗಿನ ಹಾಲಿನ ಸೋಲ್ ಕಡಿ. ಪಾಸ್ತಾ, ಪಿಜ್ಜಾದ ಮೆನು ಕಾರ್ಡ್ ಹಿಡಿದಿರೋ, ಬಿಲ್ ಬೇರೆಯೇ ಆಗುತ್ತದೆ.

"ಅಲ್ಲಿ ಏನಿದೆ ಮಾಡೋಕೆ?" ಅಂತಲೂ ಕೇಳುತ್ತಾರೆ. ಉದ್ದನೆಯ ಮರಳು, ನಡೆಯುವುದು, ಓದುವುದು. ಜೋರು ಸಂಗೀತ ಇಲ್ಲ. ಅದಕ್ಕೊಂದು ಕಾರಣವೂ ಇದೆ. ಇದು ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುವ ತೀರ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ಸುಮಾರು 50 ದಿನಕ್ಕೆ ಮರಿಗಳು ಹೊರಬಂದು, ಬೆಳಕು ಕಂಡ ಕಡೆ ಹೊರಡುತ್ತವೆ. ಕತ್ತಲಲ್ಲಿ ಹೊಳೆಯುವ ಕಡಲು ಅವುಗಳಿಗೆ ದಾರಿ. ನಮ್ಮ ಟಾರ್ಚ್, ಮೊಬೈಲ್ ಬೆಳಕು ನೋಡಿದರೆ ಊರಿನ ಕಡೆಗೇ ತಿರುಗಿಬಿಡುತ್ತವೆ. ರಾತ್ರಿ ಮರಳಲ್ಲಿ ಬೆಳಕು ಬೀರಬೇಡಿ, ಬೆಂಕಿ ಹಾಕಬೇಡಿ, ದಯವಿಟ್ಟು.

ಈಜಲು ಬರದವರು, ಮಕ್ಕಳಿರುವವರು ಪಕ್ಕದ ಪಾಲೋಲೆಂನಲ್ಲಿ ನೀರಿಗಿಳಿಯುವುದು ವಾಸಿ, ಅಲ್ಲಿ ಅಲೆ ಸೌಮ್ಯ. ಅಗೊಂಡಾದಲ್ಲಿ ನೀರಿನ ಸೆಳೆತ ಜಾಸ್ತಿ. ಕೆಂಪು ಬಾವುಟ ಕಂಡರೆ ಯಾರೂ ನೀರಿಗೆ ಇಳಿಯಬೇಡಿ.