ಪೂಜೆನೂ ಮಾಡ್ತೀರಿ, ಬಾಡೂ ತಿಂತೀರಿ, ಅದು ಹೇಗೆ?

ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೆಲವರಿಗೆ ನಿಜವಾದ ಕುತೂಹಲ, ಕೆಲವರಿಗೆ ಸುಮ್ನೆ ಚುಚ್ಚುವ ಖುಷಿ. ನಮ್ಮ ಮನೆಯಲ್ಲಿ ಪೂಜೆ, ಬಾಡು ಎರಡೂ ಒಂದೇ ಎಲೆಯ ಮೇಲೆ ಇರುತ್ತವೆ ಅಂತೀನಿ.

ಮಂಡ್ಯದ ಕಡೆ ನಮ್ಮೂರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಎಲೆಗೆ ಮುದ್ದೆ, ಬಾಡಿನ ಸಾರು, ಬೋಟಿ (ಕರುಳು) ಗೊಜ್ಜು, ತಾತನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ. ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಉಂಡ ಮೇಲೆ ನಾವು.

ಎಡೆಯ ದಿನ ಬೆಳಿಗ್ಗೆ, ಕಡಿಯುವ ಮುಂಚೆ, ಕುರಿಮರಿಗೆ ಅರಿಶಿನ ಕುಂಕುಮ ಇಟ್ಟು, ಬೆನ್ನಿಗೆ ನೀರು ಚಿಮುಕಿಸಿ ಅಪ್ಪ ಕಾಯುತ್ತಿದ್ದ. ಅದು ಮೈ ಒದರಿದರೆ ಒಪ್ಪಿತು ಅಂತ ಲೆಕ್ಕ. ಒಂದು ವರ್ಷ ಅರ್ಧ ಗಂಟೆಯಾದರೂ ಅದು ಒದರಲಿಲ್ಲ. ಹಲಸಿನ ಸೊಪ್ಪು ಮೇಯುತ್ತಾ ನಿಂತಿತ್ತು. ನಮಗೋ ಹಸಿವು.

"ತಣ್ಣೀರು ಬಿದ್ರೆ ಯಾವ ಕುರಿಯಾದ್ರೂ ಒದರ್ತದೆ. ಇನ್ನೊಂದು ಚೊಂಬು ಹುಯ್ಯಪ್ಪ" ಅಂದೆ.

"ಗೊತ್ತು ಕಣ್ಲಾ. ಆದ್ರೂ ಕಾಯ್ಬೇಕು."

ಒಪ್ಪಿಗೆಯ ಮಾತನ್ನು ನಾನೂ ನಂಬುವುದಿಲ್ಲ. ಸಾಯೋಕೆ ಯಾರು ಒಪ್ಪುತ್ತಾರೆ? ಆದರೆ ಆ ಅರ್ಧ ಗಂಟೆ ಎಲ್ಲರೂ ಅದರ ಮುಖ ನೋಡುತ್ತಾ ನಿಂತಿದ್ದೆವು. ದೇವರ ಮುಂದೆ ಕೈಮುಗಿದಾಗಲೂ ನನ್ನ ಮನಸ್ಸು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದಿಲ್ಲ.

ಆಮೇಲೆ ಬರೀ ಕೆಲಸ. ತಲೆಕಾಲು ಬೆಂಕಿಯಲ್ಲಿ ಸುಟ್ಟು ಕೆರೆಯಬೇಕು. ಅವ್ವ ಬೋಟಿಗೆ ಸುಣ್ಣ ಹಚ್ಚಿ, ಬಿಸಿನೀರಿನಲ್ಲಿ ಮಡಿಕೆ ಮಡಿಕೆ ಬಿಡಿಸಿ ತೊಳೆಯುತ್ತಿದ್ದಳು. ರಕ್ತವನ್ನೂ ಈರುಳ್ಳಿ ಹಾಕಿ ಹುರಿಯುತ್ತಿದ್ದಳು. ಎಸೆದವರಿಗೆ ಬೈಗುಳ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಾಲ್ಕಾರು ಮನೆಯವರು ಚೀಟಿ ಹಾಕಿ ತಂದ ಮರಿಯಾದರೆ ಗುಡ್ಡೆ ಬಾಡು. ಮೂಳೆ, ಕೊಬ್ಬು, ಈಲಿ (ಲಿವರ್) ಎಲ್ಲ ಗುಡ್ಡೆಗೂ ಸಮ ಬೀಳಬೇಕು, ಇಲ್ಲದಿದ್ದರೆ ಜಗಳವೇ! ಸೋಮವಾರ, ಶನಿವಾರ, ಶ್ರಾವಣ ಪೂರ್ತಿ ಮಾಂಸ ಮನೆಗೇ ಬರುವುದಿಲ್ಲ.

"ಹಾಗಾದ್ರೆ ಪ್ರಾಣಿಬಲಿ ಸರಿನಾ?" ಅಂತಲೂ ಕೇಳುತ್ತಾರೆ. ನಮ್ಮ ರಾಜ್ಯದ 1959ರ ಕಾನೂನು ದೇವಸ್ಥಾನದ ಆವರಣದಲ್ಲಿ ಬಲಿಯನ್ನು ನಿಷೇಧಿಸಿದೆ. ಅದು ಸರಿಯೇ. ಜಾತ್ರೆಯ ನೂಕುನುಗ್ಗಲಿನಲ್ಲಿ ಸಾಲಾಗಿ ಕಡಿಯುವಾಗ ಕುರಿಯ ಮುಖ ಯಾರು ನೋಡುತ್ತಾರೆ?

ಇಷ್ಟೆಲ್ಲ ಹೇಳುವ ನಾನು ಬೆಂಗಳೂರಿನಲ್ಲಿ ಭಾನುವಾರ ಮೊಬೈಲಿನಲ್ಲೇ ಅರ್ಧ ಕೆಜಿ ತರಿಸುತ್ತೇನೆ. ತೊಳೆದು, ತುಂಡು ಮಾಡಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುತ್ತದೆ. ಮೊನ್ನೆ ಮಗಳು "ಇದು ಕುರಿನಾ, ಮೇಕೆನಾ?" ಅಂತ ಕೇಳಿದಳು. ಕಸದ ಡಬ್ಬಿಯಿಂದ ಕವರ್ ತೆಗೆದು, ಓದಿ ಹೇಳಿದೆ.