ಅಡಿಕೆ ಕೋಣೆಯಲ್ಲಿ ಒಂದು ಜಾಝ್ ಆಲ್ಬಮ್: ಫೆಬ್ರವರಿಯಿಂದ ಜನವರಿವರೆಗೆ

ಫೆಬ್ರವರಿ

ಜಾಝ್ ಆಲ್ಬಮ್ ಮಾಡ್ತೀನಿ ಅಂತ ಮೂರು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದೇನೆ. ಈ ಸಲವೂ ಮಾಡದಿದ್ದರೆ ತಂಗಿಯೇ ನಗುತ್ತಾಳೆ. ಅದಕ್ಕೇ ಬರೆದಿಡಲು ಶುರು ಮಾಡಿದೆ. ನಾಚಿಕೆಗಾದರೂ ಕೆಲಸ ಮುಂದೆ ಹೋದೀತು.

ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಕಡೆ. ಬೆಂಗಳೂರಲ್ಲಿದ್ದ ಎಂಟು ವರ್ಷ ಒಂದು ಬ್ಯಾಂಡ್ ಜೊತೆ ಆಗಾಗ ಹಾಡುತ್ತಿದ್ದೆ. ಈಗ ನಾನು ಊರಲ್ಲಿ, ಪಿಯಾನೊ ಮತ್ತು ಬೇಸ್ ನುಡಿಸುವ ಇಬ್ಬರೂ ಅಲ್ಲೇ. ಅವರು ಟ್ರ್ಯಾಕ್ ಕಳಿಸುತ್ತಾರೆ, ನಾನು ಇಲ್ಲಿ ಅದರ ಮೇಲೆ ಹಾಡುತ್ತೇನೆ. ಡ್ರಮ್ಸ್ ಇಲ್ಲ, ತಾಳ ಹಿಡಿಯಲು ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಮಾತ್ರ.

ಸ್ಟುಡಿಯೋ ಅಂದರೆ ಅಡಿಕೆ ಕೋಣೆ. ಸುಗ್ಗಿ ಮುಗಿದು ಮೂಟೆಗಳು ಒಳಗೆ ಬಂದಿವೆ, ಮೂರು ಗೋಡೆಗೆ ಒತ್ತಿ ನನ್ನ ಎತ್ತರಕ್ಕೆ ಪೇರಿಸಿದ್ದಾರೆ. ಏನೋ ಹುಡುಕಲು ಹೋದವಳು ಸುಮ್ನೆ ಕೈ ತಟ್ಟಿದೆ. ಟಪ್. ಅಷ್ಟೇ. ಹಿಂದೆ ಒಂದು ಎಳೆ ಸದ್ದೂ ಉಳಿಯಲಿಲ್ಲ. ಗೋಣಿ ಸದ್ದನ್ನು ಹೀರಿಕೊಳ್ಳುತ್ತದೆ, ಒಳಗಿನ ಅಡಿಕೆಯ ಉಬ್ಬುತಗ್ಗು ಉಳಿದದ್ದನ್ನು ಚದುರಿಸುತ್ತದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಇದಕ್ಕೇ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಿದ್ದೆ. ಒಂದೇ ತೊಂದರೆ ಎಂದರೆ ಚೊಗರು ವಾಸನೆ. ಅರ್ಧ ಗಂಟೆ ಹಾಡಿದರೆ ಗಂಟಲಲ್ಲೇ ಕೂರುತ್ತದೆ.

ಹಾಡುಗಳನ್ನು ಆರಿಸುವುದರಲ್ಲೇ ಎರಡು ವಾರ ಹೋಯಿತು. ಒಂದು ಹಳೇ ಅಮೆರಿಕನ್ ಸ್ಟ್ಯಾಂಡರ್ಡ್ (ಜಾಝ್ ಹಾಡುವವರೆಲ್ಲ ಹಾಡುವ ಹಾಡು) ಹಾಕೋಣ ಅಂತ ಆಸೆ ಇತ್ತು. ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡುವುದರ ಬಗ್ಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಓದಿದೆ. ಅದರ ಪ್ರಕಾರ ಲೈಸೆನ್ಸ್ ಪಡೆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ನಮ್ಮ ನೆಂಟರಿಷ್ಟರೆಲ್ಲ ಸೇರಿದರೂ 300 ದಾಟುವುದಿಲ್ಲ. ಕೈಬಿಟ್ಟೆ. ಕುವೆಂಪು ಕವನ ಹಾಡು ಅಂತ ಅಮ್ಮ ಹೇಳಿದರು. ಕುಪ್ಪಳಿ ನಮಗೆ ಪಕ್ಕದ್ದೇ, ಆದರೆ ಕವಿ ತೀರಿಕೊಂಡದ್ದು 1994ರಲ್ಲಿ. ಅಲ್ಲಿಂದ 60 ವರ್ಷ ಅಂದರೆ 2054ರ ಕೊನೆವರೆಗೂ ಹಕ್ಕು ಇರುತ್ತದೆ. ಅನುಮತಿ ಕೇಳಬಹುದಿತ್ತು. ಆದರೆ ಅದನ್ನು ಜಾಝ್ ಸಂಗೀತದ ತೂಗಾಡುವ ಲಯವಾದ ಸ್ವಿಂಗ್‌ನಲ್ಲಿ ಹಾಡಿ ಊರವರಿಂದ ಬೈಸಿಕೊಳ್ಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕೊನೆಗೆ ವಚನಗಳ ಹತ್ತಿರ ಬಂದೆ. ಅಕ್ಕ ಉಡುತಡಿಯವಳು, ಅಲ್ಲಮ ಬಳ್ಳಿಗಾವಿಯವನು, ಎರಡೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವೇ. ಹನ್ನೆರಡನೇ ಶತಮಾನದ ಮಾತಿಗೆ ಯಾರ ಅನುಮತಿಯೂ ಬೇಡ. ಎರಡು ವಚನ, ನಾನೇ ಬರೆದ ಮೂರು ಹಾಡು, ಒಂದು ಹನ್ನೆರಡು ಬಾರ್‌ನ (ತಾಳದ ಆವರ್ತವನ್ನು ಜಾಝ್‌ನಲ್ಲಿ ಬಾರ್ ಅನ್ನುತ್ತಾರೆ) ಬ್ಲೂಸ್. ಒಟ್ಟು ಆರು.

ಮಾರ್ಚ್

ಕನ್ನಡದಲ್ಲಿ ಸ್ವಿಂಗ್ ಹಾಡುವುದು ಸುಲಭ ಅಂದುಕೊಂಡಿದ್ದೆ. ಮಧ್ಯಮ ವೇಗದ ಸ್ವಿಂಗ್‌ನಲ್ಲಿ ಒಂದು ತಾಳದೊಳಗಿನ ಎರಡು ಪೆಟ್ಟು ಸಮ ಇರುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಹೆಚ್ಚುಕಡಿಮೆ ಎರಡಕ್ಕೆ ಒಂದು. ನಮ್ಮ ಗುರು-ಲಘು ಲೆಕ್ಕವೂ ಎರಡು ಮಾತ್ರೆ, ಒಂದು ಮಾತ್ರೆ. ಸರಿಯಾಗಿ ಕೂರಬೇಕಲ್ವಾ? ಪದದ ಮೊದಲ ಅಕ್ಷರ ಗುರುವಾಗಿದ್ದರೆ ಕೂರುತ್ತದೆ. ಲಘುವಾಗಿದ್ದರೆ ಎಡವಟ್ಟು.

ನಾಲ್ಕನೇ ಹಾಡು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಬಳೆ ಇಡಿಸಿಕೊಂಡ ನೆನಪಿನದು. ಹಾಡಿದ್ದನ್ನು ಅಮ್ಮನಿಗೆ ಕೇಳಿಸಿದೆ. ಅಕ್ಕಿ ಆರಿಸುತ್ತಾ ಕೇಳಿದರು. ಕೊನೆಗೆ, "ಚೆನ್ನಾಗಿದೆ. ಆದ್ರೆ ಆ ಹುಡುಗಿ ಕೈಗೆ ಬಾಳೆ ಯಾಕೆ ಹಾಕ್ಕೊಂಡ್ಲು?" ಅಂದರು. ನಾನು ಬಳೆಯ ಬಕಾರವನ್ನು ಉದ್ದದ ಪೆಟ್ಟಿಗೆ ಇಟ್ಟು ಎಳೆದಿದ್ದೆ. ಬಳೆ ಬಾಳೆಯಾಗಿತ್ತು. ಆಮೇಲೆ ಹುಡುಕಿದರೆ ಅದೇ ಹಾಡಲ್ಲಿ ಮರ ಮಾರನಾಗಿತ್ತು, ಕಡು ಕಾಡಾಗಿತ್ತು.

ಸರಿ ಮಾಡಿದ್ದು ಹೀಗೆ. ಬಕಾರವನ್ನು ತಾಳಕ್ಕಿಂತ ಮುಂಚಿನ ಗಿಡ್ಡ ಪೆಟ್ಟಿಗೆ ದೂಡಿದೆ, ಳೆಕಾರ ತಾಳದ ಮೇಲೆ ಬಿತ್ತು. ಕೊನೆಯ ಅಕ್ಷರವನ್ನು ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ, ಬಳೇ... ಅಂತ ಕರೆದ ಹಾಗೆ ಕೇಳುತ್ತದೆ. ಮಜಾ ಎಂದರೆ ಹಾಗೆ ತಾಳಕ್ಕಿಂತ ಮುಂಚೆ ಎತ್ತಿಕೊಳ್ಳುವುದೇ ಜಾಝ್ ಹಾಡುವವರ ಚಾಳಿ. ಇಷ್ಟು ವರ್ಷ ಇಂಗ್ಲಿಷ್‌ನಲ್ಲಿ ಹಾಡಿ ಬಾರದ್ದು ಅಮ್ಮನ ಒಂದು ಮಾತಿಗೆ ಬಂತು.

ವಚನಕ್ಕೆ ಬೇರೆಯದೇ ಕಷ್ಟ. ಒಂದು ಸಾಲು ಗಿಡ್ಡ, ಮುಂದಿನದು ಮಾರುದ್ದ, ನಾಲ್ಕು ಬಾರ್‌ಗೆ ಕತ್ತರಿಸಿದರೆ ಮಾತು ಸಾಯುತ್ತದೆ. ಹಾಗಾಗಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಓಡಾಟ ತೆಗೆದು ಬರೀ ಎರಡು ಕಾರ್ಡ್ ಇಟ್ಟೆವು. 1950ರ ದಶಕದ ಕೊನೆಗೆ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹಿಡಿದ ದಾರಿಯೂ ಇದೇ. ಬೇಸ್ ಸುತ್ತು ಹಾಕುತ್ತಿರುತ್ತದೆ, ನಾನು ಸಾಲು ಮುಗಿದಾಗ ಮುಗಿಸುತ್ತೇನೆ. ಶ್ರುತಿಪೆಟ್ಟಿಗೆ ಮುಂದೆ ಬೆಳೆದವಳಿಗೆ ಇದು ತವರುಮನೆ. ಜಾಸ್ತಿ ಆರಾಮವಾಗಿ ಕೈಶಿಕಿ ನಿಷಾದ ಅನ್ನುವ ಸ್ವರವನ್ನು ಗಮಕ ಹಾಕಿ ಅಲುಗಾಡಿಸಿಬಿಟ್ಟೆ. ಪಿಯಾನೊದವನಿಂದ ಮೆಸೇಜು: "ಅಕ್ಕಾ, ನನ್ನ ಪಿಯಾನೊ ಅಲ್ಲಾಡಲ್ಲ." ಆದರೆ ಬ್ಲೂಸ್‌ನಲ್ಲಿ ಅದೇ ಅಭ್ಯಾಸ ಕೈಹಿಡಿಯಿತು. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ನಿಲ್ಲುವ ಆ ಸ್ವರ ಪಿಯಾನೊದಲ್ಲಿ ಇಲ್ಲ, ಗಂಟಲಲ್ಲಿದೆ.

ಮೂರು ಹಾಡು ಮುಗಿಯಿತು.

ಮಾರ್ಚ್ ಕೊನೆ

ಅಪ್ಪ ಅಡಿಕೆ ಮಾರಿದರು.

ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಪಿಕಪ್ ನಿಂತಿತ್ತು, ಇಬ್ಬರು ನನ್ನ ಸ್ಟುಡಿಯೋವನ್ನು ಬೆನ್ನ ಮೇಲೆ ಹೊತ್ತು ಹಾಕುತ್ತಿದ್ದರು. ಇನ್ನೊಂದು ತಿಂಗಳು ಅಂತ ಕೇಳಿಕೊಂಡೆ. "ಮಾರಾಯ್ತಿ, ಸೊಸೈಟಿ ಸಾಲ ಮಾರ್ಚ್‌ಗೆ ಕಟ್ಟಬೇಕು. ಅವರ ಹತ್ತಿರ ಮಗಳು ಹಾಡ್ತಿದಾಳೆ ಅಂತ ಹೇಳ್ಲಾ?" ಸಂಜೆ ಕೋಣೆಗೆ ಹೋಗಿ ಕೈ ತಟ್ಟಿದೆ. ಬಾವಿಗೆ ಕೊಡ ಬಿದ್ದ ಹಾಗೆ ಕೇಳಿತು.

ಏಪ್ರಿಲ್, ಮೇ

ಖಾಲಿ ಕೋಣೆಗೆ ಮೊದಲು ಭತ್ತದ ಹುಲ್ಲು ತುಂಬಿದೆ. ಸದ್ದು ಸತ್ತಿತು, ನಾನು ಸೀನಿ ಸೀನಿ ಸತ್ತೆ. ಆಮೇಲೆ ಗೋಣಿಚೀಲಕ್ಕೆ ಒಣ ದರಗು ತುಂಬಿ ಪೇರಿಸಿ, ಮೇಲೆ ಕಂಬಳಿ ಹಾಕಿದೆ. ಪರವಾಗಿಲ್ಲ. ಮೊಣಕೈ ತಾಗಿದರೆ ಮಾತ್ರ ಕಾಡಲ್ಲಿ ಯಾರೋ ನಡೆದ ಹಾಗೆ ಚರಚರ.

ಅಷ್ಟರಲ್ಲಿ ಜೀರುಂಡೆ ಶುರುವಾದವು. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಅವು ಕೂಗುವುದು ಕೇಳಿದವರಿಗೆ ಗೊತ್ತು, ಮರವೇ ಕೂಗಿದ ಹಾಗಿರುತ್ತದೆ. ನಾನು ಅಲ್ಲಿವರೆಗೆ ಬಳಸುತ್ತಿದ್ದ ಕಂಡೆನ್ಸರ್ ಮೈಕ್ ನಾಲ್ಕು ತೋಟ ದಾಟಿದ ಸದ್ದನ್ನೂ ಹಿಡಿಯುತ್ತದೆ. ಶೂರ್ ಎಸ್‌ಎಂ58 ತಂದು ಬಾಯಿಗೆ ಹತ್ತಿರ ಹಿಡಿದು ಹಾಡಿದೆ. ವೇದಿಕೆ ಮೈಕು ಅಂತ ಅದನ್ನು ಕೀಳಾಗಿ ನೋಡಬೇಡಿ. ಉಳಿದ ಮೂರು ಹಾಡು ಉಳಿಸಿಕೊಟ್ಟದ್ದು ಅದೇ.

ಜುಲೈ, ಆಗಸ್ಟ್

ಹೊರಗೆ ಮಳೆ, ಒಳಗೆ ಹೆಡ್‌ಫೋನ್. ಎಲ್ಲ ಟ್ರ್ಯಾಕ್ ಸೇರಿಸಿ ಮಿಕ್ಸ್ ಮಾಡುವವರು ಕೇಳಿದರು, "ಮೂರು ಹಾಡು ಒಂದು ಮನೆಯಲ್ಲಿ, ಮೂರು ಇನ್ನೊಂದು ಮನೆಯಲ್ಲಿ ಹಾಡಿದ್ರಾ?" ಹೌದು ಸರ್, ಅಡಿಕೆ ಇದ್ದಾಗ ಮತ್ತು ಮಾರಿದ ಮೇಲೆ. ಅವರು ನಗಲಿಲ್ಲ.

ಜೋರಾಗಿ ಕೇಳಲಿ ಅಂತ ನಾನು ಹಟ ಹಿಡಿದು ಮಾಸ್ಟರ್ (ಹಾಡಿನ ಅಂತಿಮ ಪ್ರತಿ) ಅನ್ನು ಮೈನಸ್ 9 ಎಲ್‌ಯುಎಫ್‌ಎಸ್‌ಗೆ ಏರಿಸಿದ್ದೆ. ಅದು ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈ ಮಾಮೂಲಿಯಾಗಿ ಮೈನಸ್ 14ಕ್ಕೆ ಇಳಿಸಿ ಕೇಳಿಸುತ್ತದೆ. ಅಂದರೆ ಜೋರು ಹೋಗುತ್ತದೆ, ಹಿಂಡಿದ್ದು ಮಾತ್ರ ಉಳಿಯುತ್ತದೆ. ಪಿಸುಗುಟ್ಟಿದ ಸಾಲೂ ಕೂಗಿದ ಸಾಲೂ ಒಂದೇ ಎತ್ತರ. ವಾಪಸ್ ಮಾಡಿಸಿದೆ, ಕೈಯಿಂದ 4,000 ಹೋಯಿತು. ಮಿಕ್ಸ್, ಮಾಸ್ಟರ್ ಸೇರಿ ಒಟ್ಟು 34,000.

ಬಿಡುಗಡೆಯ ಕೆಲಸ ಸಂಗೀತದ್ದಲ್ಲ, ಗುಮಾಸ್ತಿಕೆಯದು. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅನ್ನುವ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಬೇಕು, ವಿತರಣೆ ಮಾಡುವ ಕಂಪನಿಯೇ ಕೊಡುತ್ತದೆ. ಹಾಡು ಬರೆದವರ ಪಾಲು ಬರಬೇಕಾದರೆ ಐಪಿಆರ್‌ಎಸ್ ಅನ್ನುವ ರಾಯಲ್ಟಿ ಸಂಘದ ಸದಸ್ಯರಾಗಬೇಕು, ಅದು ಬೇರೆಯೇ ಅರ್ಜಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ತೋರಿಸಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕು. ನಾನು ಐದು ದಿನ ಮುಂಚೆ ಎಚ್ಚರವಾದೆ. ಬಿಡುಗಡೆಯ ದಿನ ನೋಡಿದರೆ ನನ್ನ ಹಾಡುಗಳು ಅದೇ ಹೆಸರಿನ ಇನ್ನೊಬ್ಬ ಗಾಯಕಿಯ ಪುಟದಲ್ಲಿ ಕೂತಿದ್ದವು. ಅವರದು ಭಕ್ತಿಗೀತೆ. ನಡುವೆ ನನ್ನ ಬ್ಲೂಸ್. ಬಿಡಿಸಿಕೊಳ್ಳಲು ಹದಿನೇಳು ದಿನ ಹಿಡಿಯಿತು. ಪಾಪ, ಆ ಹದಿನೇಳು ದಿನ ಅವರ ಕೇಳುಗರು ಏನಂದುಕೊಂಡರೋ.

ಅಕ್ಟೋಬರ್

ಬಂದ ದುಡ್ಡು 412 ರೂಪಾಯಿ. ಸ್ಪಾಟಿಫೈನಲ್ಲಿ 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿರದ ಹಾಡಿಗೆ ಕಾಸಿಲ್ಲ. ಆರರಲ್ಲಿ ಎರಡು ದಾಟಿವೆ, ಎರಡೂ ವಚನಗಳೇ.

ಊರಲ್ಲಿ ಬೇರೆ ಮಾರ್ಗ ಹಿಡಿದೆ. ಸಿಡಿ ಯಾರ ಮನೆಯಲ್ಲೂ ತಿರುಗುವುದಿಲ್ಲ. ಆದರೆ ಕಾರು, ಜೀಪು, ಪಿಕಪ್‌ಗಳಲ್ಲೆಲ್ಲ ಪೆನ್‌ಡ್ರೈವ್ ಸಿಕ್ಕಿಸಿರುತ್ತಾರೆ. ನಲವತ್ತು ತಂದು ಹಾಡು ತುಂಬಿದೆ, 300 ರೂಪಾಯಿ. ಪರಿಚಯದ ಖಾಸಗಿ ಬಸ್ ಡ್ರೈವರ್ ಒಂದು ತಗೊಂಡರು. ವಾರ ಬಿಟ್ಟು ಕೇಳಿದೆ. "ಹಾಕಿದ್ದೆ ಅಕ್ಕ. ಮಂಡಗದ್ದೆವರೆಗೆ ಎಲ್ಲರೂ ಸುಮ್ನಿದ್ರು. ಆಮೇಲೆ ನಂಗೇ ನಿದ್ದೆ ಬಂತು, ತೆಗೆದೆ." ಸುರಕ್ಷತೆ ಮುಖ್ಯ.

ಡಿಸೆಂಬರ್

ಕಾರ್ಯಕ್ರಮ ಆಯಿತು. ಶಿವಮೊಗ್ಗದಲ್ಲಿ, ಎಂಬತ್ತು ಕುರ್ಚಿಯ ಸಣ್ಣ ಹಾಲ್. ಕುವೆಂಪು ರಂಗಮಂದಿರ ಅಂತ ತಂಗಿ ಹೇಳಿದ್ದಳು, ಅಷ್ಟು ಕುರ್ಚಿ ಖಾಲಿ ನೋಡುವ ಎದೆ ನನಗಿಲ್ಲ. ನವೆಂಬರ್‌ನಲ್ಲೇ ಮಾಡಬೇಕಿತ್ತು. ರಾಜ್ಯೋತ್ಸವದ ತಿಂಗಳು ಹಾಲ್ ಸಿಗಲಿಲ್ಲ, ಡ್ರಮ್ಮರ್ ಕೂಡ ಸಿಗಲಿಲ್ಲ.

ಡ್ರಮ್ಮರ್ ಬಗ್ಗೆ ಬರೆಯಲೇಬೇಕು. ಭದ್ರಾವತಿ ಹುಡುಗ, ಗಣಪತಿ ಪೆಂಡಾಲ್ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು. ಜಾಝ್ ಕೇಳಿರಲಿಲ್ಲ. ಸ್ವಿಂಗ್ ಹೇಳಿಕೊಡಲು ಹೊರಟೆ. ಎರಡು ನಿಮಿಷ ಕೇಳಿ, "ಓ, ಕುದುರೆ ಗಾಡಿ ಸ್ವಲ್ಪ ಸೋಮಾರಿಯಾದ ಹಾಗೆ" ಅಂದು ಶುರು ಮಾಡೇಬಿಟ್ಟ. ಡ್ರಮ್ ಮೇಲೆ ಉಜ್ಜುವ ತಂತಿಯ ಬ್ರಷ್ ತರಿಸಿದ್ದೆ, ಪಾರ್ಸಲ್ ಬರಲಿಲ್ಲ. ಅವನು ಕಡ್ಡಿ ಪೊರಕೆಯಿಂದ ಇಪ್ಪತ್ತು ಇಪ್ಪತ್ತು ತೆಂಗಿನ ಕಡ್ಡಿ ಬಿಡಿಸಿ, ಸಮ ಕತ್ತರಿಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ತಂದ. ಸ್ನೇರ್ ಡ್ರಮ್ ಮೇಲೆ ಉಜ್ಜಿದರೆ ಅಂಗಳ ಗುಡಿಸಿದ ಸದ್ದು, ಬೆಳಗಿನ ಜಾವದ್ದು. ಆ ಸದ್ದು ನನ್ನ ಆಲ್ಬಮ್‌ನಲ್ಲಿ ಇಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಸೌಂಡ್‌ನವರು ಮೈಕ್‌ಗೆ ಎಕೋ ಹಾಕಿದ್ದರು. ಬೇಡ ಅಂದೆ. ಕಡಿಮೆ ಮಾಡಿದರು. ಪೂರ್ತಿ ಬೇಡ ಅಂದೆ. "ಎಕೋ ಇಲ್ದಿದ್ರೆ ಮಾತಾಡಿದ ಹಾಗೆ ಕೇಳುತ್ತೆ ಮೇಡಂ." ಅದೇ ಬೇಕಿತ್ತು ಅಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

63 ಜನ ಬಂದರು, ಟಿಕೆಟ್ 150. ಮೊದಲ ಹಾಡಲ್ಲಿ ಪಿಯಾನೊ ಸೋಲೊ ಮುಗಿದಾಗ ಸಭೆ ನಿಶ್ಶಬ್ದ. ಬೇಸ್ ಸೋಲೊ, ಮತ್ತೆ ನಿಶ್ಶಬ್ದ. ಮುಗಿಯಿತು ಕಥೆ ಅಂದುಕೊಂಡೆ. ಹಾಡು ಮುಗಿದಾಗ ಜೋರು ಚಪ್ಪಾಳೆ. ತನಿಯಾವರ್ತನಕ್ಕೆ ತಟ್ಟುವ ಹಾಗೆ ಇಲ್ಲಿ ಪ್ರತಿಯೊಬ್ಬರ ಸೋಲೊಗೂ ತಟ್ಟಬಹುದು ಅಂತ ಹೇಳಿದೆ. ಆಮೇಲೆ ಬೇಸ್‌ನವನು ತಂತಿ ಶ್ರುತಿ ಮಾಡಿಕೊಂಡದ್ದಕ್ಕೂ ತಟ್ಟಿದರು.

ಬಳೆ ಹಾಡು ಬಂದಾಗ ಡ್ರಮ್ಮರ್ ನಿಧಾನಕ್ಕೆ ಎತ್ತಿಕೊಂಡ. ಆಲ್ಬಮ್‌ನಲ್ಲಿ ಅದು ನಿಮಿಷಕ್ಕೆ 112 ತಾಳ. ಇವನು 90ರ ಹತ್ತಿರ. ತಿರುಗಿ ಕಣ್ಣು ಬಿಟ್ಟೆ, ಅವನು ತಲೆ ತಗ್ಗಿಸಿ ಉಜ್ಜುತ್ತಿದ್ದ. ಬೇರೆ ದಾರಿ ಇರಲಿಲ್ಲ, ಹಾಡಿದೆ. ಬಳೆಯ ಬಕಾರಕ್ಕೂ ಳೆಕಾರಕ್ಕೂ ನಡುವೆ ಉಸಿರಾಡುವಷ್ಟು ಜಾಗ. ಬಳೆಗಾರ ಕೈ ಒತ್ತಿ, ಮಡಿಸಿ, ಬಳೆ ನಿಧಾನಕ್ಕೆ ಮೇಲೇರಿಸುವ ಹೊತ್ತು ಎಷ್ಟೋ ಅಷ್ಟು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಗೊತ್ತಿಲ್ಲದೆ ತಮ್ಮ ಮಣಿಕಟ್ಟು ಹಿಡಿದುಕೊಂಡಿದ್ದರು. ಕೋಣೆಯಲ್ಲಿ ಒಬ್ಬಳೇ ಕೂತು ಕ್ಲಿಕ್‌ಗೆ ಹಾಡಿದಾಗ ನಾನು ಆ ಬಳೆಯನ್ನು ದಬ್ಬಿ ಹಾಕಿಸಿದ್ದೆ, ಅಷ್ಟೇ. ಜಾಝ್ ಹಾಡುವವಳು ವೇದಿಕೆಗೆ ಮುಂಚೆ ಆಲ್ಬಮ್ ಮಾಡಿದ್ದೇ ತಲೆಕೆಳಗು ಕೆಲಸ ಅಂತ ಪಿಯಾನೊದವನು ಆಗಲೇ ಹೇಳಿದ್ದ. ರಾತ್ರಿ ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಿದ.

ಲೆಕ್ಕ: ಟಿಕೆಟ್‌ನಿಂದ 9,450, ಪೆನ್‌ಡ್ರೈವ್ 11 ಹೋದವು, 3,300. ಹಾಲ್, ಸೌಂಡ್, ರೈಲು, ಊಟ, ಡ್ರಮ್ಮರ್ ಸಂಭಾವನೆ ಸೇರಿ 21,200. ಬೆಂಗಳೂರಿನ ಇಬ್ಬರು ದುಡ್ಡು ಮುಟ್ಟಲಿಲ್ಲ, ಒಂದೊಂದು ಕೆಜಿ ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತು ಬೆಳಗಿನ ಜನಶತಾಬ್ದಿ ಹತ್ತಿದರು.

ಜನವರಿ

ನಾಲ್ಕನೇ ಹಾಡನ್ನು, ಆ ಬಳೆಯದನ್ನು, ಹೊಸದಾಗಿ ರೆಕಾರ್ಡ್ ಮಾಡುತ್ತೇನೆ. ಕ್ಲಿಕ್ ಇಲ್ಲ, ನಾಲ್ವರೂ ಒಂದೇ ಕೋಣೆಯಲ್ಲಿ, ತೆಂಗಿನ ಕಡ್ಡಿ ಸಮೇತ. ಬ್ರಷ್ ಪಾರ್ಸಲ್ ಕೊನೆಗೂ ಬಂತು, ಬಿಚ್ಚಿಲ್ಲ. ಹೊಸ ಮೂಟೆಗಳು ಒಳಗೆ ಬರುತ್ತಿವೆ, ನಿನ್ನೆ ಕೈ ತಟ್ಟಿ ನೋಡಿದೆ, ಒಂದು ಗೋಡೆ ಬಾಕಿ. ಶಿವರಾತ್ರಿವರೆಗಾದರೂ ಮಾರಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ. ರೇಟು ನೋಡಿ ಹೇಳ್ತೀನಿ ಅಂದಿದ್ದಾರೆ.