"ಹುಡುಗಿ ಒಬ್ಬಾಕೀನ ಅದಾಳ ಅನ್ನೂದನ್ನ ಹೆಂಗ ತೋರಸಬೇಕ್ರಿ?"

ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂಟಿತನ, ಗೆಳೆತನದ ಮೇಲೆ ಚಿತ್ರಕಾದಂಬರಿ ಮಾಡಹೊರಟ ಧಾರವಾಡ, ಗದಗ ಕಡೆಯ ಕಲಾವಿದರು, ಶಿಕ್ಷಕರು ಕೇಳುವ ಪ್ರಶ್ನೆ ಇದು. ಉತ್ತರ ಶುರುವಾಗುವುದು ರಬ್ಬರಿನಿಂದ. 'ಅವಳಿಗೆ ತುಂಬ ಒಂಟಿ ಅನಿಸಿತು' ಎಂಬ ಕ್ಯಾಪ್ಷನ್ ಅಳಿಸಿ. ಪುಟ ಆಗಲೂ ಅರ್ಥವಾದರೆ ಆ ಸಾಲು ಬೇಕಿರಲಿಲ್ಲ. ಆಗದಿದ್ದರೆ ಚಿತ್ರವನ್ನೇ ಮತ್ತೆ ಬರೆಯಬೇಕು.

ಹೆಚ್ಚಿನವರು ಹುಡುಗಿಯನ್ನು ಕಿಟಕಿ ಪಕ್ಕ ಕೂರಿಸಿ ಹೊರಗೆ ಮಳೆ ಸುರಿಸುತ್ತಾರೆ. ಧಾರವಾಡದಲ್ಲಿ ಶ್ರಾವಣದ ಮಳೆ ಎಲ್ಲರ ಮನೆ ಮೇಲೂ ಸುರಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಈ ವಯಸ್ಸಿನ ಒಂಟಿತನ ಇರುವುದು ಗದ್ದಲದ ನಡುವೆಯೇ: ಆಟಕ್ಕೆ ತಂಡ ಆರಿಸುವಾಗ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೂಕುನುಗ್ಗಲಿನಲ್ಲಿ, ಡಬ್ಬಿ ಬಿಚ್ಚುವ ಹೊತ್ತಿನಲ್ಲಿ.

ಡಬ್ಬಿಯ ಹೊತ್ತನ್ನೇ ತೆಗೆದುಕೊಳ್ಳಿ. ಹಾವೇರಿಯಿಂದ ಹುಬ್ಬಳ್ಳಿಯ ಶಾಲೆಗೆ ವರ್ಷದ ನಡುವೆ ಬಂದ ಹುಡುಗಿ. ಪುಟಕ್ಕೆ ಒಂದೇ ಅಳತೆಯ ಆರು ಪ್ಯಾನೆಲ್ (ಚಿತ್ರದ ಚೌಕಟ್ಟು), ಆರರಲ್ಲೂ ಒಂದೇ ಕೋನ. ಉಳಿದವರು ದುಂಡಗೆ ಕುಳಿತಿದ್ದಾರೆ, ಇವಳು ಅಂಚಿನಲ್ಲಿ. ಅವರ ಮಾತು ಬರೆಯುವ ಬಲೂನುಗಳು ಒಂದರ ಮೇಲೊಂದು ಏರಲಿ, ಕೆಲವು ಮಾತು ಚೌಕಟ್ಟಿನಲ್ಲೇ ಕತ್ತರಿಸಿ ಹೋಗಲಿ. ಇವಳಿಗೆ ಕೇಳಿಸುವುದೂ ಅಷ್ಟೇ. ಮೂರನೆಯದರಲ್ಲಿ ಇವಳದೊಂದು ಸಣ್ಣ ಬಲೂನು: "ನಂದು ಶೇಂಗಾ ಹೋಳಿಗಿ…". ನಾಲ್ಕನೆಯದರಲ್ಲಿ ಅದರ ಮೇಲೆ ಇನ್ನೊಬ್ಬರ ಬಲೂನು ಕುಳಿತಿದೆ. ಐದರಲ್ಲಿ ಇವಳ ಮಾತಿಲ್ಲ. ಆರರಲ್ಲಿ ಡಬ್ಬಿಯ ಮುಚ್ಚಳ ಹಾಕಿದೆ. ಮುಖಭಾವ ಬದಲಿಸಬೇಡಿ, ಕಣ್ಣೀರಂತೂ ಬೇಡವೇ ಬೇಡ. ಕೋನ ಪದೇ ಪದೇ ಬದಲಿಸಿದರೆ ಕಣ್ಣು ಹೊಸ ಕೋನಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ, ಮುಚ್ಚಳ ಯಾರಿಗೂ ಕಾಣುವುದಿಲ್ಲ. ಮುಂದೆ ಗೆಳೆತನದ ಪುಟಕ್ಕೂ ಇದೇ ಆರು ಪ್ಯಾನೆಲ್ ಬಳಸಿ, ಒಂದೇ ಒಂದು ಬದಲಾವಣೆಯೊಂದಿಗೆ: ಡಬ್ಬಿಯೊಳಗೆ ಇನ್ನೊಂದು ಕೈ.

ಆ ಕೈ ಬೇಗ ಬರಬಾರದು. 96 ಪುಟದ ಪುಸ್ತಕದಲ್ಲಿ ಗೆಳತಿಯಾಗುವವಳು ಹತ್ತನೇ ಪುಟದ ಹೊತ್ತಿಗೆ ಹಿನ್ನೆಲೆಯಲ್ಲಿ ಎಲ್ಲೋ ನಿಂತಿರಲಿ, ಮೂವತ್ತರ ಸುಮಾರಿಗೆ ಮೊದಲ ಮಾತು, ಅರವತ್ತೈದರ ಆಚೀಚೆ ಜಗಳ. ರಾಜಿಗೆ ಕ್ಷಮೆಯ ಭಾಷಣ ಬೇಡ. ಬಸ್ಸಿನಲ್ಲಿ ಸೀಟು ಹಿಡಿದಿಟ್ಟರೆ ಸಾಕು. ಜಗಳದ ನಂತರದ ಪ್ರಶ್ನೆಯನ್ನು ಬಲಪುಟದ ಕೊನೆಯ ಪ್ಯಾನೆಲಿಗೆ ಇಡಿ. ಉತ್ತರ ಪುಟ ತಿರುವಿದ ಮೇಲೆಯೇ ಸಿಗಬೇಕು. ಸೇರಿಸಿಕೊಳ್ಳದ ಮಕ್ಕಳನ್ನು ಖಳರನ್ನಾಗಿ ಮಾಡುವುದು ನಮಗೆ ಸೋಮಾರಿತನ ಅನಿಸುತ್ತದೆ. ಅವರು ಗಮನಿಸಿಲ್ಲ, ಅಷ್ಟೇ.

ಕನ್ನಡದಲ್ಲಿ ಹೆಚ್ಚು ಕೆಡುವುದು ಬಲೂನು. ಮೊದಲು ಅಕ್ಷರ ಕೂರಿಸಿ, ಆಮೇಲೆ ಸುತ್ತ ಬಲೂನು ಬರೆಯಿರಿ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಅಂತರ ಅಕ್ಷರದ ಗಾತ್ರದ ಸುಮಾರು ಒಂದೂವರೆ ಪಟ್ಟು ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಅಕ್ಷರ 12 ಪಾಯಿಂಟಿಗಿಂತ ಕಡಿಮೆ ಬೇಡ, ಒಂದು ಬಲೂನಿಗೆ ಹನ್ನೆರಡು ಪದ ಮೀರಬಾರದು. "ನೀನು ಯಾಕೆ ಬರಲಿಲ್ಲ?" ಅನ್ನುವ ಬದಲು "ನೀ ಯಾಕ ಬರ್ಲಿಲ್ಲ?" ಅಂದರೆ ಜಾಗವೂ ಉಳಿಯಿತು, ಹುಬ್ಬಳ್ಳಿಯ ಹುಡುಗಿಯೇ ಮಾತಾಡಿದಂತೆಯೂ ಆಯಿತು. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಫಾಂಟ್ ಬಳಸುವವರು 'ವರ್ಲ್ಡ್-ರೆಡಿ ಕಂಪೋಸರ್' ಆರಿಸಲೇಬೇಕು, ಇಲ್ಲದಿದ್ದರೆ 'ಅಕ್ಕ' ಹೋಗಿ 'ಅಕ್‌ಕ' ಆಗಬಹುದು.

ಮುದ್ರಣಕ್ಕೆ ಗದಗಕ್ಕೆ ಕಳಿಸುವುದಾದರೂ, ಇನ್ನೆಲ್ಲಿಗೆ ಕಳಿಸುವುದಾದರೂ, ಪುಟಸಂಖ್ಯೆ 16ರ ಗುಣಕದಲ್ಲಿದ್ದರೆ ಕಾಗದ ಪೋಲಾಗದು. ಸುತ್ತ 3 ಮಿ.ಮೀ. ಬ್ಲೀಡ್ (ಪುಟ ಕತ್ತರಿಸುವ ಅಂಚಿನಾಚೆಗೂ ಚಾಚುವ ಚಿತ್ರ), ಬಣ್ಣದ ಚಿತ್ರಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಬರಿ ಕಪ್ಪು ಗೆರೆಗೆ ಕನಿಷ್ಠ 600.

ಅದಕ್ಕೂ ಮೊದಲು ಪೆನ್ಸಿಲ್ ಪ್ರತಿಯನ್ನು ಮೂರ್ನಾಲ್ಕು ಮಕ್ಕಳಿಗೆ ತೋರಿಸಿ. ಬಲೂನುಗಳ ಮೇಲೆ ಚೀಟಿ ಅಂಟಿಸಿ, "ಇಲ್ಲಿ ಏನಾತು?" ಅಂತ ಕೇಳಿ. "ಚಲೋ ಐತೇನು?" ಅಂತ ಕೇಳಬೇಡಿ, ದೊಡ್ಡವರು ಕೇಳಿದರೆ ಎಲ್ಲವೂ ಚಲೋನೇ. ಮಗು ಒಂದು ಪ್ಯಾನೆಲಿನಲ್ಲಿ ತಡವರಿಸಿದರೆ ಅದರ ಹಿಂದಿನದನ್ನು ಮೊದಲು ನೋಡಿ. ಸಾಮಾನ್ಯವಾಗಿ ತಿದ್ದಬೇಕಾದದ್ದು ಅದೇ.